ಹಗೇವು ಯಾರ ಮನೆಯಲ್ಲಿತ್ತು?

ಶುಕ್ರವಾರ ಬಂತೆಂದರೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದಲ್ಲ ಒಂದು ಹೋಮ್‌ಸ್ಟೇ ಲಿಂಕ್ ಬಂದು ಬೀಳುತ್ತೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕೆತ್ತನೆಯ ಕಂಬ, ಕೆಂಪು ನೆಲ, ಮೂಲೆಯಲ್ಲೊಂದು ಹಿತ್ತಾಳೆ ಹಂಡೆ. ಕೆಳಗೆ ಒಂದು ಸಾಲು: 'ನಮ್ಮ ಪೂರ್ವಜರು ಹೀಗೆ ಬದುಕುತ್ತಿದ್ದರು.' ಫೋಟೋ ಚೆನ್ನಾಗಿರುತ್ತೆ, ತಕರಾರಿಲ್ಲ. ನನ್ನ ತಕರಾರು ಇರೋದು ಆ ಸಾಲಿನ ಮೇಲೆ. ಯಾರ ಪೂರ್ವಜರು ಸ್ವಾಮಿ? ನನ್ನ ಪೂರ್ವಜರಂತೂ ಅಲ್ಲ. ಬಹುಶಃ ನಿಮ್ಮವರೂ ಅಲ್ಲ.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ. ಬಿಇ ಮುಗಿಸಿ ಬೆಂಗಳೂರಿಗೆ ಬರೋವರೆಗೂ ಮನೆ ಅಂದರೆ ನನಗೆ ಅದೇ. ಹಾಗಾಗಿ ಹಳೆಯ ಮನೆಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಹತ್ತಿದೆ. ಓದುತ್ತಾ ಹೋದಂತೆ ನನಗೆ ಹೊಳೆದ ಒಂದು ಸರಳ ಸಂಗತಿ ಇದು: ಹಳ್ಳಿಯ ಹಳೆಯ ಮನೆಯನ್ನು ಕಟ್ಟಿದ್ದು ಮನುಷ್ಯರಿಗಾಗಿ ಮಾತ್ರ ಅಲ್ಲ. ಮೊದಲು ಕಾಳು, ಆಮೇಲೆ ದನ, ಉಳಿದ ಜಾಗದಲ್ಲಿ ಜನ. ಈ ಕ್ರಮ ಅರ್ಥವಾದರೆ ಮನೆ ಯಾಕೆ ಹಾಗಿತ್ತು, ಯಾಕೆ ಹೋಯಿತು ಎರಡೂ ಅರ್ಥವಾಗುತ್ತೆ.

ಸೂರಿನಿಂದಲೇ ಶುರು ಮಾಡೋಣ. ಸೂರನ್ನು ಹೇಳಿಕೊಟ್ಟದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿದರೆ ನಮ್ಮ ಚಳ್ಳಕೆರೆ ಕಡೆ 500 ಮಿಲಿಮೀಟರ್ ಆಸುಪಾಸು. ಒಂದೇ ರಾಜ್ಯ, ಮಧ್ಯೆ ಒಂದು ದಿನದ ದಾರಿಯೂ ಇಲ್ಲ. ಮಲೆನಾಡಿನವರಿಗೆ ಬಿದ್ದ ನೀರು ಕ್ಷಣವೂ ನಿಲ್ಲದೆ ಜಾರಿಹೋಗಬೇಕು. ಅದಕ್ಕೇ ಕಡಿದಾದ ಇಳಿಜಾರು, ಮೇಲೆ ಹುಲ್ಲು ಅಥವಾ ಅಡಿಕೆ ಸೋಗೆ, ಉಳ್ಳವರಾದರೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹೆಂಚು. ಕರಾವಳಿಯಲ್ಲಿ ಗೋಡೆಗೆ ನೆಲದಿಂದಲೇ ಕಡಿದು ತೆಗೆದ ಮುರಕಲ್ಲು. ಬಯಲುಸೀಮೆಯಲ್ಲಿ ಇಳಿಜಾರೇ ಬೇಡ, ಚಪ್ಪಟೆ ಮಾಳಿಗೆ ಸಾಕು. ಉತ್ತರ ಕರ್ನಾಟಕದಲ್ಲಿ ಇದನ್ನೇ ಮೇಲ್ಮುದ್ದೆ ಅಂತಾರೆ.

ಮಣ್ಣಿನ ಮಾಳಿಗೆ ಮಳೆಗೆ ಕರಗಲ್ವಾ ಅಂತ ನನ್ನ ಬೆಂಗಳೂರು ಗೆಳೆಯರು ಕೇಳ್ತಾರೆ. ಒಳ್ಳೆ ಪ್ರಶ್ನೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ, ಅದರ ಮೇಲೆ ಸೊಪ್ಪು, ಆಮೇಲೆ ಮಣ್ಣು. ಕೊನೆಯ ಪದರಕ್ಕೆ ಮಾತ್ರ ಯಾವುದೋ ಮಣ್ಣು ಆಗಲ್ಲ, ಕರಲು ಮಣ್ಣೇ ಬೇಕು. ಏನೂ ಬೆಳೆಯದ, ಉಪ್ಪು ಹೂತ ಚೌಳು ನೆಲದಿಂದ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಅದರಲ್ಲಿರೋ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಗಿದ ಕೂಡಲೇ ಬಿಡಿಬಿಡಿಯಾಗಿ, ಉಬ್ಬಿ, ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೇರಿಗೆ ನೀರು ಇಳಿಯದಂತೆ ಮಾಡಿ ಬೆಳೆ ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ವಾಟರ್‌ಪ್ರೂಫಿಂಗ್! ಬೇಸಾಯಕ್ಕೆ ಕೆಟ್ಟದ್ದನ್ನು ಮನೆಗೆ ಒಳ್ಳೆಯದಾಗಿ ಬಳಸಿದ ಆ ಮೊದಲಿಗ ಯಾರೋ ಗೊತ್ತಿಲ್ಲ, ಅವನ ಹೆಸರಲ್ಲಿ ಪೇಟೆಂಟೂ ಇಲ್ಲ.

ಆದರೆ ಇದರ ಮೇಂಟೆನೆನ್ಸ್ ಸಣ್ಣದಲ್ಲ. ಪ್ರತಿ ಬೇಸಿಗೆ ಕೊನೆಗೆ ಹೊಸ ಕರಲು ಹಾಕಬೇಕು, ಇಲಿ ಕೊರೆದ ತೂತು ಮುಚ್ಚಬೇಕು. ಒಂದು ವರ್ಷ ಮೈಮರೆತರೆ ಮುಂದಿನ ಮುಂಗಾರಿಗೆ ಮನೆಯಲ್ಲಿರೋ ಪಾತ್ರೆಗಳೆಲ್ಲ ಸೋರುವ ಜಾಗಗಳ ಕೆಳಗೆ ಸಾಲಾಗಿ ಕೂರುತ್ತವೆ. ನಾಡಹೆಂಚಿನವರದೂ ಇದೇ ಪಾಡು. ಮಂಗ ಸರಿಸಿದ್ದು, ಬೆಕ್ಕು ತುಳಿದದ್ದು ಎಲ್ಲ ಇಳಿಸಿ ಮತ್ತೆ ಜೋಡಿಸಬೇಕು. ಹುಲ್ಲಿನ ಸೂರಾದರಂತೂ ಹೊದಿಕೆಯೇ ಹೊಸದಾಗಬೇಕು. 'ಹಿಂದಿನವರು ನೂರು ವರ್ಷ ಬಾಳುವ ಮನೆ ಕಟ್ಟುತ್ತಿದ್ದರು' ಅನ್ನೋ ಮಾತು ಅರ್ಧ ನಿಜ ಅಷ್ಟೇ. ನೂರು ವರ್ಷವೂ ಕೈಬಿಡದೆ ರಿಪೇರಿ ಮಾಡುತ್ತಿದ್ದರು ಅನ್ನೋದು ಉಳಿದರ್ಧ.

ಇನ್ನು ಅಳತೆ. ಈಗ ನಾವು ಟೂ ಬಿಎಚ್‌ಕೆ, ತ್ರೀ ಬಿಎಚ್‌ಕೆ ಅಂತೀವಲ್ಲ, ಆಗ 'ಎಂಟು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ' ಅಂತಿದ್ದರು. ಕಂಬದಿಂದ ಕಂಬಕ್ಕೆ ಇರೋ ಒಂದು ಚೌಕ ಅಂದರೆ ಒಂದು ಅಂಕಣ. ಸುತ್ತಮುತ್ತ ಸಿಗುವ ಮರದಿಂದ ಎಷ್ಟು ಉದ್ದದ ತೊಲೆ ಬರುತ್ತೋ ಅದೇ ಅಂಕಣದ ಅಳತೆ. ಬೇವು, ಜಾಲಿ ಇರೋ ಊರಿನಲ್ಲಿ ಅಂಕಣ ಚಿಕ್ಕದು, ತೇಗ, ಹಲಸು ಬೆಳೆಯೋ ಕಡೆ ದೊಡ್ಡದು. ಬಾಗಿಲು ಗಿಡ್ಡವಿದ್ದದ್ದು ತಲೆ ಬಾಗಿ ವಿನಯ ಕಲಿಯಲಿ ಅಂತ ಎಂದು ಒಂದು ಫಾರ್ವರ್ಡ್ ಓಡಾಡ್ತಾ ಇರುತ್ತೆ. ವಿನಯ ಇರಲಿ ಬಿಡಿ, ಮಣ್ಣಿನ ಗೋಡೆಯಲ್ಲಿ ಎಷ್ಟು ದೊಡ್ಡ ಕಂಡಿ ಬಿಡ್ತೀರೋ ಅಷ್ಟು ದಪ್ಪದ ಮರ ಅದರ ಮೇಲಿನ ಭಾರ ಹೊರಬೇಕು. ಮರಕ್ಕೆ ದುಡ್ಡು ಬೇಕು. ಕಿಟಕಿ ಇಲ್ಲದೆ, ಮಾಳಿಗೆಯಲ್ಲೊಂದು ಬೆಳಕಿಂಡಿ ಇಟ್ಟು ಸುಮ್ಮನಾಗಿದ್ದಕ್ಕೂ ಇದೊಂದು ಕಾರಣ. ಇನ್ನೊಂದು ಕಾರಣ ಬಿಸಿಲು. ಮೂರನೆಯದು ಕಳ್ಳರು.

ಕಳ್ಳರು ಅಂದರೆ ಚಿಲ್ಲರೆ ಕಳ್ಳರಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಒಂದು ವರ್ಷಕ್ಕೂ ಮೀರಿ ಸುತ್ತಿದ. ಬೆಳೆ, ಗೊಬ್ಬರ, ಕೂಲಿ, ಜಾತಿ, ಮಗ್ಗ ಕಂಡದ್ದನ್ನೆಲ್ಲ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಮುರಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನೂ ಇವನೇ. ಇವನ ಬರಹದಲ್ಲಿ ನಮ್ಮ ಬಯಲುಸೀಮೆಯ ಊರುಗಳು ಮಣ್ಣಿನ ಕೋಟೆ, ಮುಳ್ಳುಬೇಲಿಗಳೊಳಗೆ ಕುಳಿತ ಊರುಗಳು. ಪಾಳೇಗಾರರ ಜಗಳ, ಮರಾಠರ ದಂಡು, ಯುದ್ಧದಿಂದ ಯುದ್ಧಕ್ಕೆ ಹಾಯುವ ಸೈನ್ಯ ಯಾರೇ ಬಂದರೂ ಮೊದಲು ಹುಡುಕುತ್ತಿದ್ದದ್ದು ಎರಡೇ: ಕಾಳು, ದನ. ಉತ್ತರ ಕರ್ನಾಟಕದ ಊರುಗಳಲ್ಲಿ ಇವತ್ತಿಗೂ ನಿಂತಿರುವ ಹುಡೇವು, ಅಗಸೆ ಬಾಗಿಲುಗಳನ್ನು ನೋಡಿ, ಸುಮ್ಮನೆ ಅಂದಕ್ಕೆ ಯಾರೂ ಅಷ್ಟೆತ್ತರ ಕಲ್ಲು ಪೇರಿಸಲ್ಲ.

ಅದಕ್ಕೇ ದನ ಮನೆಯೊಳಗೇ ಇರುತ್ತಿದ್ದದ್ದು. ಧಾರವಾಡ, ಗದಗ ಕಡೆಯ ಹಳೇ ಮನೆ ಹೊಕ್ಕರೆ ಮೊದಲು ಸಿಗೋದೇ ದಂದಕ್ಕಿ. ತಗ್ಗಿನಲ್ಲಿ ಎತ್ತು, ಎದುರಿಗೆ ಎತ್ತರದ ಪಡಸಾಲೆಯಲ್ಲಿ ಮನುಷ್ಯರು. ನಮ್ಮ ಮನೆಯಲ್ಲೂ ಮುಂದಿನ ಅಂಕಣ ಎತ್ತುಗಳದ್ದು. ರಾತ್ರಿ ಅವು ಮೆಲುಕು ಹಾಕೋ ಸದ್ದು ಕೇಳಿಕೊಂಡೇ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು. ಒಂದು ಜೊತೆ ಎತ್ತು ಹೋಯಿತೆಂದರೆ ಆ ವರ್ಷದ ಬೇಸಾಯವೇ ಹೋದಂತೆ. ಅಂಥದ್ದನ್ನು ಯಾರು ಬೀದಿಯಲ್ಲಿ ಬಿಡ್ತಾರೆ?

ಈಗ ಕಾಳಿನ ವಿಷಯ. ಮನೆಯ ನಿಜವಾದ ಹೃದಯ ಇರೋದು ಇಲ್ಲಿ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ.

ಮಲೆನಾಡಿನಲ್ಲಿ ಭತ್ತಕ್ಕೆ ಕಣಜ, ಪಣತ. ಕರಾವಳಿಯಲ್ಲಿ ಅಕ್ಕಿಗೆ ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿ. ನಮ್ಮ ರಾಗಿ, ಜೋಳದ ಸೀಮೆಯಲ್ಲಿ ಹಗೇವು. ನೀರು ನಿಲ್ಲದ ಗಟ್ಟಿ ನೆಲ ಹುಡುಕಿ ಬಾಯಿ ಸಣ್ಣದಾಗಿ, ಹೊಟ್ಟೆ ದೊಡ್ಡದಾಗಿ, ಗಡಿಗೆಯ ಆಕಾರದಲ್ಲಿ ಆಳಕ್ಕೆ ತೋಡುತ್ತಿದ್ದರು. ಒಳಗೆ ಬೆಂಕಿ ಹಾಕಿ ಒಣಗಿಸಿ, ಸಾರಿಸಿ, ಹುಲ್ಲು ಹಾಸಿ ರಾಗಿ ತುಂಬೋದು. ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ, ನೆಲ ಸಮ ಮಾಡಿಬಿಟ್ಟರೆ ಮೇಲೆ ಓಡಾಡಿದವನಿಗೂ ಗೊತ್ತಾಗಬಾರದು. ದಂಡು ಬಂದು ಮನೆ ಸುಟ್ಟರೂ ಕಾಳು ನೆಲದೊಳಗೆ ಉಳಿಯುತ್ತಿತ್ತು. ಬುಕಾನನ್ ಕೂಡ ರಾಗಿಯನ್ನು ಹೀಗೆ ಗುಂಡಿಯಲ್ಲಿಡೋದನ್ನು ಬರೆದುಕೊಂಡಿದ್ದಾನೆ.

ಇದರ ವಿಜ್ಞಾನ ನನಗೆ ತುಂಬ ಇಷ್ಟ. ಕಾಳು ಸತ್ತ ವಸ್ತು ಅಲ್ಲ, ಅದೂ ಉಸಿರಾಡುತ್ತೆ. ಗಾಳಿಯಾಡದ ಗುಂಡಿಯಲ್ಲಿ ಕಾಳು, ಹುಳ ಎಲ್ಲ ಸೇರಿ ಇದ್ದ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತವೆ. ಆಮೇಲೆ ಹುಳ ಬದುಕಲ್ಲ, ಕಾಳು ಉಳಿಯುತ್ತೆ. ರಾಗಿ ಮೊದಲೇ ಗಟ್ಟಿ ಜೀವ, ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಇದೇ ತತ್ವದ ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳನ್ನು ಈಗ ಹೊಸ ತಂತ್ರಜ್ಞಾನ ಅಂತ ಮಾರ್ತಾರೆ. ಆದರೆ ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡೋದು. ದೀಪ ಆರಿದರೆ ಇನ್ನೂ ಕಾಯಬೇಕು. ಕಾಯದೆ ಇಳಿದು ಮೇಲೆ ಬರದವರ ಕಥೆ ಬಯಲುಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತೆ. ಇಳಿಯುತ್ತಿದ್ದದ್ದು ಹಗೇವಿನ ಯಜಮಾನ ಅಲ್ಲ, ಆಳು.

ಇಲ್ಲೇ ನನ್ನ ಪ್ರಶ್ನೆ ಇರೋದು. ಹಗೇವು ಯಾರಿಗಿತ್ತು?

ನೆಲದೊಳಗೆ ಎರಡು ಮೂರು ವರ್ಷ ಮುಟ್ಟದೆ ಕಾಳು ಇಡಬೇಕು ಅಂದರೆ ತಿಂದು, ಬಿತ್ತನೆಗೆ ಇಟ್ಟು, ಕಂದಾಯ ಕಟ್ಟಿ ಮಿಕ್ಕಿರಬೇಕು. ಮಿಗುತ್ತಿದ್ದದ್ದು ಕೆಲವರಿಗೆ. ಉಳಿದವರಿಗೆ ಮನೆಯ ಮೂಲೆಯಲ್ಲಿ ಒಂದೆರಡು ಮಣ್ಣಿನ ಗುಡಾಣ. ನಮ್ಮ ಮನೆತನದ್ದೂ ಅದೇ ಕಥೆ. ನಮಗೆ ಹಗೇವು ಇರಲಿಲ್ಲ. ಕಾಳು ಮುಗಿದಾಗ ಹಗೇವು ಇದ್ದ ಮನೆಯಿಂದ ಸಾಲ ತರ್ತಿದ್ದರಂತೆ. ತಂದದ್ದು ಒಂದು ಪಲ್ಲವಾದರೆ ಸುಗ್ಗಿಗೆ ಹಿಂದಿರುಗಿಸೋದು ಒಂದೂವರೆ ಪಲ್ಲ. ಅಜ್ಜಿ ಇದನ್ನು ದೂರಿನಂತೆ ಹೇಳ್ತಿರಲಿಲ್ಲ, ಬಿಸಿಲು ಮಳೆಯ ಹಾಗೆ ಇದ್ದದ್ದೇ ಅನ್ನುವಂತೆ ಹೇಳ್ತಿದ್ದಳು.

1875ರಲ್ಲಿ ಮಳೆ ಕೈಕೊಟ್ಟಿತು. 1876ರಲ್ಲಿ ಮತ್ತೆ ಕೈಕೊಟ್ಟಿತು. ಇತಿಹಾಸದ ಪುಸ್ತಕಗಳು 1876–78ರ ಮಹಾ ಕ್ಷಾಮ ಅನ್ನೋದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷದ ನಂತರ, 1881ರಲ್ಲಿ, ಸುಮಾರು 41.9 ಲಕ್ಷ. ಹೆಚ್ಚಬೇಕಿದ್ದ ಕಡೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ. ಆರರಲ್ಲಿ ಒಬ್ಬರು ಅಂತ ಲೆಕ್ಕ ಹಾಕಿಕೊಳ್ಳಿ. ನಮ್ಮ ಸ್ಪ್ರಿಂಟ್ ಮೀಟಿಂಗಿನಲ್ಲಿ ಹನ್ನೆರಡು ಜನ ಕೂರ್ತೀವಿ, ಅದರಲ್ಲಿ ಇಬ್ಬರು ಇಲ್ಲ.

ಕ್ಷಾಮ ಎಲ್ಲರನ್ನೂ ಒಂದೇ ಥರ ಮುಟ್ಟಲ್ಲ. ಕೂಲಿ ಮಾಡೋನು, ನೇಯೋನು, ಕಾಳನ್ನು ಕೊಂಡು ತಿನ್ನುವವನು ಮೊದಲು ಬೀಳ್ತಾನೆ. ಗುಡಾಣ ಒಂದು ತಿಂಗಳಲ್ಲಿ ಖಾಲಿಯಾಗುತ್ತೆ, ಹಗೇವು ವರ್ಷ ತಡೆಯುತ್ತೆ. ಒಂದು ಗುಂಡಿ, ಇರೋದಕ್ಕೂ ಇಲ್ಲದ್ದಕ್ಕೂ ಅಷ್ಟೇ ವ್ಯತ್ಯಾಸ. ಹೋಮ್‌ಸ್ಟೇ ಫೋಟೋದಲ್ಲಿ ಕಂಬದ ಕೆತ್ತನೆ ಕಾಣುತ್ತೆ, ಈ ವ್ಯತ್ಯಾಸ ಕಾಣಲ್ಲ. ನನಗೆ ಮಾತ್ರ ಹಳೆಯ ದೊಡ್ಡ ಮನೆ ನೋಡಿದಾಗಲೆಲ್ಲ ಮೊದಲು ನೆನಪಾಗೋದು ಇದೇ.

ಸೂರು ಬದಲಾದ ಕಥೆಯೂ ಈ ಹೊತ್ತಿನದೇ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ನೇತ್ರಾವತಿ ದಡದ ಜೇಡಿ, ಯಂತ್ರದಲ್ಲಿ ಒತ್ತಿದ ಅಚ್ಚು, ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು. ನಾಡಹೆಂಚು ಒಂದರ ಮೇಲೊಂದು ಸುಮ್ಮನೆ ಮಲಗಿರುತ್ತೆ, ಮಂಗಳೂರು ಹೆಂಚು ಕೈ ಹಿಡಿದುಕೊಂಡು ಕೂರುತ್ತೆ. ಮತಾಂತರವಾಗಿ ಹಳೆಯ ಕಸುಬು, ನೆಂಟಸ್ತಿಕೆ ಕಳೆದುಕೊಂಡವರಿಗೆ ಕೆಲಸ ಕೊಡೋದು ಮಿಶನ್ನಿನ ಉದ್ದೇಶವಾಗಿತ್ತು. ಹೆಂಚು ಮಾತ್ರ ಅದನ್ನು ಮೀರಿ ಹಡಗು ಹತ್ತಿ ಬೊಂಬಾಯಿ, ಏಡನ್, ಪೂರ್ವ ಆಫ್ರಿಕಾ ಮುಟ್ಟಿತು. ನಮ್ಮಲ್ಲಿ ಮೊದಲು ಉಳ್ಳವರ ಸೂರಿಗೆ ಏರಿತು, ಆಮೇಲೆ ಶಾಲೆ, ಸ್ಟೇಷನ್ನು, ನಿಧಾನವಾಗಿ ಎಲ್ಲರ ಮನೆ. ಪ್ರತಿ ವರ್ಷ ಹುಲ್ಲು ಹೊದಿಸುವ ಕಷ್ಟ ತಪ್ಪಿತು, ಬೆಂಕಿಯ ಭಯ ಕಡಿಮೆಯಾಯಿತು. ಊರ ಕುಂಬಾರನಿಗೆ ಒಂದು ಗಿರಾಕಿ ತಪ್ಪಿತು. ನಾವೀಗ 'ಸಾಂಪ್ರದಾಯಿಕ ಹೆಂಚು' ಅಂತ ಹುಡುಕಿ ತರುವುದು ಈ ಕಾರ್ಖಾನೆಯ ಮಾಲನ್ನೇ!

ಹಾಗಾದರೆ ದೊಡ್ಡ ಮನೆಗಳು ಯಾಕೆ ಕುಸಿದವು? ಸಿಮೆಂಟ್ ಬಂತು, ಕೂಡುಕುಟುಂಬ ಒಡೆಯಿತು ಅಂತೀವಿ. ಎರಡೂ ನಿಜ. ಆದರೆ ಮಲೆನಾಡು, ಕರಾವಳಿಯ ಮಟ್ಟಿಗೆ ಒಂದು ತಾರೀಕು ಇದೆ: 1974ರ ಮಾರ್ಚ್ 1. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ದಿನ. ಗೇಣಿದಾರ ಫಾರಂ ನಂಬರ್ 7 ತುಂಬಿ, ತಾನು ಉಳುತ್ತಿರೋ ಭೂಮಿ ತನಗೆ ಕೊಡಿ ಅಂತ ಕೇಳಬಹುದಾಯಿತು. ಅಲ್ಲಿಯವರೆಗೆ ಒಂದೊಂದು ದೊಡ್ಡ ಮನೆಯ ಅಂಗಳಕ್ಕೂ ಹತ್ತಾರು ಒಕ್ಕಲುಗಳ ಗೇಣಿ ಭತ್ತ, ಮುಡಿ ಅಕ್ಕಿ ಬಂದು ಬೀಳುತ್ತಿತ್ತು. ಅಷ್ಟು ಅಗಲದ ಅಂಗಳ, ಅಷ್ಟು ಎತ್ತರದ ಕಣಜ, ಅಷ್ಟು ಉದ್ದದ ಊಟದ ಪಡಸಾಲೆ ಆ ಲೆಕ್ಕಕ್ಕೇ ಕಟ್ಟಿದ್ದು. ಗೇಣಿ ನಿಂತ ಮೇಲೆ ಕಣಜ ಖಾಲಿ. ಇಪ್ಪತ್ತು ಕೋಣೆಯ ಮನೆಯ ಹೆಂಚು ಸರಿಮಾಡಿಸಲು ಆಳಿಲ್ಲ. ಗೆದ್ದಲು ತನ್ನ ಕೆಲಸ ಶುರು ಮಾಡಿತು. ಕುಸಿದ ಒಂದೊಂದು ದೊಡ್ಡ ಮನೆಗೆ ಎದುರಾಗಿ ಎಲ್ಲೋ ಹತ್ತು ಸಣ್ಣ ಮನೆಗಳಲ್ಲಿ ಮೊದಲ ಬಾರಿಗೆ ಸ್ವಂತ ಕಣಜ ತುಂಬಿತು. ದೊಡ್ಡ ಮನೆಯ ಪಾಳು ಗೋಡೆ ನೋಡಿ ಬೇಸರ ಆಗೋದು ಸಹಜ, ನನಗೂ ಆಗುತ್ತೆ. ಆದರೆ ಆ ಹತ್ತು ಮನೆಗಳನ್ನು ಮರೆತು ಬೇಸರ ಪಟ್ಟರೆ ಲೆಕ್ಕ ತಪ್ಪುತ್ತೆ.

ಇಷ್ಟೆಲ್ಲ ಹೇಳಿದ್ದಕ್ಕೆ ಹಳೆಯ ಮನೆ ಉಳಿಸೋದೇ ಬೇಡ ಅಂತ ಅರ್ಥವಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಗೊತ್ತು. ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಒಂದೊಂದೇ ತೊಲೆ, ಒಂದೊಂದೇ ಕಂಬ ಬಿಚ್ಚಿಸಿ ತಂದು ಮತ್ತೆ ಕಟ್ಟಿಸಿದರು. ಒಬ್ಬ ಮನುಷ್ಯನ ಹಟಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಬಿಚ್ಚಿ ತರಲು ಬರೋದು ಮರದ ಮನೆ ಮಾತ್ರ. ಮಣ್ಣಿನ ಗೋಡೆ ಬಿಚ್ಚಿದರೆ ಮಣ್ಣೇ. ಹುಲ್ಲಿನ ಗುಡಿಸಲು ಎರಡು ಮಳೆಗೆ ಗೊಬ್ಬರ. ಹಾಗಾಗಿ ಉಳ್ಳವರ ಮನೆ ತಾನಾಗಿಯೇ ಇತಿಹಾಸಕ್ಕೆ ಸೇರುತ್ತೆ. ಊರ ಹೊರಗಿನ ಕೇರಿಯ ಗುಡಿಸಲು, ಹೊಲದಂಚಿನ ಜೋಪಡಿ ಸೇರಲ್ಲ. ಯಾರೂ ಬೇಕಂತಲೇ ಅಳಿಸಿದ್ದಲ್ಲ, ಮಣ್ಣಿನ ಗುಣ ಅಷ್ಟೇ. ಅದಕ್ಕೇ ಅದನ್ನು ಬರೆದಿಡುವ ಕೆಲಸ ಜೋರಾಗಿ ಆಗಬೇಕು.

ಬರೆಯುವಾಗ ಇನ್ನೊಂದು ವಿಷಯ ಬಿಡಬಾರದು. ಮಣ್ಣಿನ ಮನೆ ತಂಪು ಅಂತ ನಾವೆಲ್ಲ ಹೊಗಳ್ತೀವಿ. ನಿಜವೇ, ಎರಡು ಅಡಿ ದಪ್ಪದ ಗೋಡೆ ಮಧ್ಯಾಹ್ನದ ಬಿಸಿಯನ್ನು ಒಳಗೆ ಬಿಡುವಷ್ಟರಲ್ಲಿ ರಾತ್ರಿ ಆಗಿರುತ್ತೆ. ಆದರೆ ಆ ನೆಲವನ್ನು ವಾರ ವಾರ ಸಗಣಿಯಲ್ಲಿ ಸಾರಿಸಿದವರು ಯಾರು? ಹೊಗೆಗೂಡಿಲ್ಲದ ಅಡಿಗೆಮನೆಯಲ್ಲಿ ಕೂತು ಊದಿದವರು ಯಾರು? ಆ ಹೊಗೆಯಿಂದ ಜಂತಿಗೆ ಹುಳ ಹಿಡೀತಿರಲಿಲ್ಲ, ಸರಿ. ಅಜ್ಜಿಗೆ ಕೆಮ್ಮು ಹಿಡೀತು. ನಮ್ಮ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ, ಅಮ್ಮನಿಗೆ ಸಂಭ್ರಮ. ಬೇಸಿಗೆಯಲ್ಲಿ ಆ ಮನೆ ಕಾದ ಹೆಂಚಾಗುತ್ತೆ, ಆದರೂ ಅಮ್ಮ ಒಂದು ದಿನ ಹಳೇ ಮನೆ ಬೇಕಿತ್ತು ಅಂದಿಲ್ಲ. ಕರಲು ಹೊತ್ತವರ ಅಭಿಪ್ರಾಯಕ್ಕೆ ಫೋಟೋ ತೆಗೆದವರ ಅಭಿಪ್ರಾಯಕ್ಕಿಂತ ತೂಕ ಹೆಚ್ಚಿರಬೇಕು.

ಕೊನೆಯದಾಗಿ, ನೀವು ಈಗಲೂ ನೋಡಬಹುದಾದ ಒಂದು ಹಳೆಯ 'ಕಟ್ಟಡ'ದ ಬಗ್ಗೆ ಹೇಳಿಬಿಡ್ತೀನಿ. ಸುಗ್ಗಿಗೆ ಮುಂಚೆ ಹೊಲದ ಪಕ್ಕ ನೆಲ ಹದ ಮಾಡಿ, ನೀರು ಹೊಡೆದು, ಸಗಣಿ ಬಳಿದು, ನಡುವೆ ಮೇಟಿ ನೆಟ್ಟು ಕಣ ಮಾಡ್ತಿದ್ದರು. ಗೋಡೆಯಿಲ್ಲ, ಸೂರಿಲ್ಲ, ಆದರೂ ಬೇಸಾಯದ ಕಟ್ಟಡಗಳಲ್ಲಿ ಅದೇ ಮುಖ್ಯ. ರೋಣಗಲ್ಲು ಎಳೆಯಲು ಎತ್ತು, ಕಣ ಬಳಿಯಲು ಸಗಣಿ, ಕಾಯಲು ಜನ. ಎತ್ತು ಹೋದವು, ಜೊತೆಗೆ ಸಗಣಿ ಹೋಯಿತು, ಜನ ನಮ್ಮ ಹಾಗೆ ಊರು ಬಿಟ್ಟರು. ಸಣ್ಣ ರೈತನ ಕಣ ಈಗ ಟಾರು ರಸ್ತೆ. ವೀಕೆಂಡ್ ಡ್ರೈವಿನಲ್ಲಿ ಹುರುಳಿ, ರಾಗಿ ಹರಡಿದ್ದನ್ನು ಕಂಡು 'ಇವರಿಗೆ ಬುದ್ಧಿ ಇಲ್ವಾ' ಅಂತ ಬೈದುಕೊಂಡಿರ್ತೀರಿ. ಅದು ಬೈಕಿನವರಿಗೆ ಅಪಾಯ, ಒಪ್ಪಿದೆ. ಆದರೆ ನಿಮ್ಮ ಕಾರಿನ ಚಕ್ರ ಅಲ್ಲಿ ಮಾಡ್ತಿರೋದು ರೋಣಗಲ್ಲಿನ ಕೆಲಸ, ಕೂಲಿ ಇಲ್ಲದೆ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಎಂಬತ್ತು ದಾಟಿದ ಯಾರನ್ನಾದರೂ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ನಮ್ಮ ಮನೆ ಎಷ್ಟು ಅಂಕಣದ್ದಿತ್ತು? ಊರಲ್ಲಿ ಹಗೇವು ಯಾರ ಯಾರ ಮನೆಗಿತ್ತು? ಅದರೊಳಗೆ ಇಳೀತಿದ್ದವರು ಯಾರು? ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೂರನೆಯ ಪ್ರಶ್ನೆಗೆ ಉತ್ತರ ಬರೋದು ಸ್ವಲ್ಪ ತಡ ಆಗಬಹುದು. ಕಾಯಿರಿ.